ತಣ್ಣನೆಯ ನಾಲ್ಕು ಕಾಲು

ಬೆಳಗಿನ ಐದೂವರೆಗೆ ಲಾಯಕ್ಕೆ ಹೋದರೆ ನಾನು ಮೊದಲು ಮುಟ್ಟುವುದು ತುಂಗೆಯ ಕಾಲನ್ನು. ಅವಳು ಮೂತಿ ಚಾಚಿ ನನ್ನ ಜೇಬಿನಲ್ಲಿ ಕ್ಯಾರೆಟ್ ಹುಡುಕುತ್ತಿರುತ್ತಾಳೆ. ನಾನು ಬಗ್ಗಿ, ಮುಂಗಾಲಿನ ಮಂಡಿಯಿಂದ ಗೊರಸಿನವರೆಗೆ ಅಂಗೈ ಇಳಿಸುತ್ತೇನೆ. ಎಡಗಾಲು, ಬಲಗಾಲು, ಆಮೇಲೆ ಹಿಂದಿನವೆರಡು. ಕಾಲಿನ ಹಿಂಬದಿಯಲ್ಲಿ ತಂಬೂರಿಯ ತಂತಿಯ ಹಾಗೆ ಬಿಗಿದ ಎಳೆಗಳು ಬೆರಳಿಗೆ ಸಿಗುತ್ತವೆ. ಅವು ಬಿಡಿಬಿಡಿಯಾಗಿ, ತಣ್ಣಗೆ ಸಿಕ್ಕಿದರೆ ಜೀನು ಕಟ್ಟಬಹುದು. ಎಲ್ಲಾದರೂ ಒಂದಿಷ್ಟು ಬಿಸಿ, ಒಂದಿಷ್ಟು ಊತ ತಗುಲಿತೋ, ಆ ದಿನ ಜೀನು ಗೂಟದಲ್ಲೇ ಉಳಿಯುತ್ತದೆ.

ಕುದುರೆಯ ಕಾಲನ್ನು ಹೀಗೆ ದಿನವೂ ಮುಟ್ಟಿದವರಿಗೆ ಒಂದು ಅಚ್ಚರಿ ಎಂದಿಗೂ ಹಳೆಯದಾಗುವುದಿಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ಅಲ್ಲಿರುವುದು ಎಲುಬು, ಚರ್ಮ ಮತ್ತು ಟೆಂಡನ್. ಮೇಲಿನ ಸ್ನಾಯುವನ್ನು ಕೆಳಗಿನ ಎಲುಬಿಗೆ ಕಟ್ಟಿರುವ ಹಗ್ಗ. ಭುಜವನ್ನು ಎದೆಗೂಡಿಗೆ ಜೋಡಿಸುವ ಕೊರಳೆಲುಬು ನಮಗಿದೆ, ಕುದುರೆಗೆ ಅದೂ ಇಲ್ಲ. ಅದರ ಎದೆ ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗಿಕೊಂಡಿದೆ. ಸುಮಾರು 500 ಕಿಲೋ ತೂಗುವ ಆ ದೇಹ ಬೇಲಿ ಹಾರಿ ಇಳಿಯುವಾಗ ಮೊದಲು ಒಂದು ಮುಂಗಾಲು ನೆಲ ಮುಟ್ಟುತ್ತದೆ, ಮರುಕ್ಷಣ ಇನ್ನೊಂದು. ಆ ಒಂದು ಗಳಿಗೆ ಕುದುರೆ, ಸವಾರ, ಜೀನು ಎಲ್ಲವೂ ಆ ಹಗ್ಗದ ಮೇಲೆ ನಿಂತಿರುತ್ತವೆ.

ತುಂಗೆ ಥರೋಬ್ರೆಡ್ ಜಾತಿಯ ಹೆಣ್ಣು ಕುದುರೆ. ರೇಸು ಸಾಕಾಗಿ ಐದನೇ ವಯಸ್ಸಿಗೆ ನನ್ನ ಬಳಿಗೆ ಬಂದಳು. ನಮ್ಮ ದೇಶದಲ್ಲಿ ಷೋಜಂಪಿಂಗ್ ಕಲಿಯುವ ಅನೇಕ ಕುದುರೆಗಳ ದಾರಿ ಇದೇ. ನಮ್ಮ ಲಾಯ ಇರುವುದು ಬೆಂಗಳೂರಿನ ಉತ್ತರದ ಅಂಚಿನಲ್ಲಿ. ಆಕಾಶ ತಿಳಿಯಾದ ದಿನ ಅಲ್ಲಿಂದ ನಂದಿಬೆಟ್ಟ ಕಾಣುತ್ತದೆ. ನೋಡಲು ಬಂದವರಿಗೆ ಈ ಆಟವೆಂದರೆ ಮರಳಿನ ಅಂಕಣ, ಬಣ್ಣ ಬಳಿದ ಅಡ್ಡಗಳುಗಳು, ಹತ್ತು ಹನ್ನೆರಡು ಜಿಗಿತ. ನಿಮಿಷಕ್ಕೆ 350 ಮೀಟರಿನ ವೇಗದಲ್ಲಿ ಓಡಿ, ಒಂದೂಕಾಲು ನಿಮಿಷದೊಳಗೆ ಮುಗಿದುಹೋಗುತ್ತದೆ. ಗಳು ಬಿದ್ದರೆ 4 ದಂಡಾಂಕ. ಒಲಿಂಪಿಕ್ಸಿನಲ್ಲಿ ಬೇಲಿಯ ಎತ್ತರ 1.60 ಮೀಟರಿಗೆ ಏರುತ್ತದೆ. ನಾನೂ ತುಂಗೆಯೂ ಹಾರುವುದು 1.10 ಮೀಟರು. ಎತ್ತರ ಎಷ್ಟೇ ಇರಲಿ, ಆ ಒಂದೂಕಾಲು ನಿಮಿಷದ ಹಿಂದೆ ಒಂದು ಇಡೀ ವರ್ಷ ನಿಂತಿರುತ್ತದೆ. ನನಗೆ ಪ್ರಿಯವಾದದ್ದು ಆ ವರ್ಷ.

ಅದನ್ನು ಪ್ರೀತಿಸಲು ಕಲಿತದ್ದು ಒಂದು ತಪ್ಪಿನಿಂದ. ತುಂಗೆ ಬಂದ ಮೊದಲ ಚಳಿಗಾಲ ನನಗೆ ಅವಸರವಿತ್ತು. ನಾಲ್ಕೈದು ವಾರದ ಸವಾರಿಯಲ್ಲೇ ಅವಳ ಉಸಿರು ಕುದುರಿತು. ಕ್ಯಾಂಟರ್ ಎಂಬ ಹದವಾದ ಓಟ ಮುಗಿಸಿ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ನಾಡಿ 60ರ ಕೆಳಗಿಳಿಯುತ್ತಿತ್ತು. ಕುದುರೆ ಸಿದ್ಧ ಎಂದುಕೊಂಡೆ. ವಾರಕ್ಕೆ ನಾಲ್ಕು ದಿನ ಹಾರಿಸಿದೆ. ಲಾಯವನ್ನು ಮೂವತ್ತು ವರ್ಷದಿಂದ ನೋಡಿಕೊಂಡಿರುವ ಸೈಸ್ ಚಾಚಾ ಒಂದು ಸಂಜೆ ಹೇಳಿದರು: “ಉಸಿರು ನೋಡಿ ಖುಷಿಪಡ್ತೀರಿ ಅಮ್ಮಾ, ಕಾಲನ್ನ ಕೇಳಿದೀರಾ?” ನಾನು ಕೇಳಿರಲಿಲ್ಲ. ಮರುವಾರವೇ ಎಡ ಮುಂಗಾಲಿನ ಹಿಂಬದಿ ಬಾಳೆಹಣ್ಣಿನ ಹಾಗೆ ಬಾಗಿ ಊದಿತ್ತು. ಸ್ಕ್ಯಾನ್ ಮಾಡಿದ ಪಶುವೈದ್ಯರು ಪರದೆಯ ಮೇಲೆ ಕಪ್ಪು ಮಚ್ಚೆಯೊಂದನ್ನು ತೋರಿಸಿದರು. ಟೆಂಡನ್ನಿನ ನಾರುಗಳು ಹರಿದ ಜಾಗ. ಹತ್ತು ತಿಂಗಳು ಜೀನು ಕಟ್ಟಲಿಲ್ಲ. ಮೊದಮೊದಲು ದಿನಕ್ಕೆ ಹತ್ತು ನಿಮಿಷ ಕೈಹಿಡಿದು ನಡೆಸುವುದು, ಕಾಲಿಗೆ ತಣ್ಣೀರು ಬಿಡುವುದು, ಪಟ್ಟಿ ಸುತ್ತುವುದು, ಮತ್ತೆ ನಡೆಸುವುದು. ಅಷ್ಟೇ ಕೆಲಸ.

ಆ ಹತ್ತು ತಿಂಗಳಲ್ಲಿ ನನಗೆ ತಿಳಿದದ್ದು ಇಷ್ಟು: ಕುದುರೆಯ ದೇಹದಲ್ಲಿ ಎಲ್ಲವೂ ಒಟ್ಟಿಗೆ ಮಾಗುವುದಿಲ್ಲ. ಗುಂಡಿಗೆ ಬೇಗ ಮಾಗುತ್ತದೆ. ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಅದು ಓಟದಲ್ಲಿ 200 ದಾಟುತ್ತದೆ. ಗುಲ್ಮ ಎಂಬ ಉಗ್ರಾಣದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಕುದುರೆ ಬೇಕಾದಾಗ ಹಿಂಡಿ ನೆತ್ತರಿಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಕೆಲವೇ ವಾರದ ಸಾಧನೆಯಲ್ಲಿ ಉಸಿರು ಕೈಗೆ ಬರುತ್ತದೆ. ಅದಾದ ಮೇಲೆ ಸ್ನಾಯು. ಎಲುಬಿಗೆ ತಿಂಗಳುಗಳು ಬೇಕು. ಅದು ಹಳೆಯದನ್ನು ಕರಗಿಸಿ ಹೊಸದನ್ನು ತುಂಬಿಕೊಳ್ಳುವ ನಡುಗಾಲದಲ್ಲಿ ಮೊದಲಿಗಿಂತಲೂ ಸ್ವಲ್ಪ ದುರ್ಬಲವಾಗಿರುತ್ತದೆ. ಎಲ್ಲಕ್ಕಿಂತ ನಿಧಾನ ಟೆಂಡನ್. ರಕ್ತದ ಹರಿವು ಕಡಿಮೆ ಇರುವ ಜಾಗವದು. ಕುದುರೆಯನ್ನು ಸಾಕುವವರು ಕಾಲಿನ ನಿಧಾನಕ್ಕೆ ತಕ್ಕಂತೆ ನಡೆಯಬೇಕು. ಉಸಿರಿನ ಉತ್ಸಾಹಕ್ಕೆ ಸೋಲಬಾರದು. ನನ್ನ ವರ್ಷದ ಪಂಚಾಂಗ ಹುಟ್ಟಿದ್ದು ಇದರಿಂದ.

ನಮ್ಮ ವರ್ಷ ಯುಗಾದಿಗೆ ಬಿಡುವಿನಿಂದ ಆರಂಭವಾಗುತ್ತದೆ. ನಾಲಬಂದ್ ಬಂದು ಹಿಂಗಾಲಿನ ಲಾಳ ಬಿಚ್ಚುತ್ತಾರೆ. ತುಂಗೆ ಬೇಲಿ ಹಾಕಿದ ಬಯಲಿಗೆ ಹೋಗುತ್ತಾಳೆ. ಮೊದಲ ದಿನ ಅವಳು ಮಾಡುವ ಕೆಲಸ ಒಂದೇ, ಮಣ್ಣಿನಲ್ಲಿ ಹೊರಳುವುದು. ಈ ಬದಿ, ಆ ಬದಿ, ನಾಲ್ಕೂ ಕಾಲು ಆಕಾಶಕ್ಕೆ. ಎದ್ದು ಮೈ ಕೊಡವಿದರೆ ಕೆಂಧೂಳಿನ ಮೋಡ. ಐದಾರು ವಾರ ಅವಳ ಬೆನ್ನ ಮೇಲೆ ಯಾರೂ ಹತ್ತುವುದಿಲ್ಲ. ಇಷ್ಟು ದಿನ ಬಿಟ್ಟರೆ ಗಳಿಸಿದ್ದೆಲ್ಲ ಹೋಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಮೊದಲ ನಾಲ್ಕು ವಾರದಲ್ಲಿ ಕುದುರೆಯ ಉಸಿರಿನ ಶಕ್ತಿ ಕುಗ್ಗುವುದು ಬಹಳ ಕಡಿಮೆ. ಬಯಲಿನಲ್ಲಿ ಮೇಯುತ್ತ ಇಡೀ ದಿನ ನಡೆದಾಡುವುದರಿಂದ ಕಾಲಿಗೂ ಹಗುರವಾದ ಕೆಲಸ ಇದ್ದೇ ಇರುತ್ತದೆ.

ಬಿಡುವು ಕೊಡುವುದಕ್ಕೂ ಹದ ಬೇಕು. ಕೆಲಸ ನಿಲ್ಲಿಸಿದ ದಿನವೇ ಧಾನ್ಯವನ್ನೂ ಇಳಿಸಬೇಕು. ಹಿಂದೆ ಯೂರೋಪಿನಲ್ಲಿ ಗಾಡಿ ಎಳೆಯುವ ಕುದುರೆಗಳಿಗೆ ಭಾನುವಾರ ರಜೆ ಕೊಟ್ಟು, ಓಟ್ಸನ್ನು ಮಾತ್ರ ಎಂದಿನಷ್ಟೇ ತಿನ್ನಿಸುತ್ತಿದ್ದರಂತೆ. ಸೋಮವಾರ ನೊಗಕ್ಕೆ ಕಟ್ಟಿದೊಡನೆ ಬೆನ್ನು, ತೊಡೆಯ ಸ್ನಾಯುಗಳು ಕಲ್ಲಾಗಿ ಕುದುರೆ ನಿಂತಲ್ಲೇ ನಿಂತುಬಿಡುತ್ತಿತ್ತು. ‘ಸೋಮವಾರದ ಕಾಯಿಲೆ’ ಎಂಬ ಹೆಸರೇ ಉಳಿದುಕೊಂಡಿತು. ನಮ್ಮ ಲಾಯದಲ್ಲಿ ಬಿಡುವಿನ ದಿನಗಳಲ್ಲಿ ಓಟ್ಸು, ಹುರುಳಿ ಎರಡೂ ಇಳಿದು ಒಣಹುಲ್ಲು ಏರುತ್ತದೆ. ಜೊತೆಗೆ ಕುದುರೆಮಸಾಲೆ ಸೊಪ್ಪು ಒಂದು ಹೊರೆ, ಹಿತವಾಗುವಷ್ಟು.

ಬಿಡುವಿನ ಕಾಲದಲ್ಲಿ ನನಗೆ ಸಿಗುವ ದೊಡ್ಡ ಸುಖವೆಂದರೆ ಅವಳು ಮಲಗಿದ್ದನ್ನು ನೋಡುವುದು. ಕುದುರೆ ನಿಂತೇ ತೂಕಡಿಸಬಲ್ಲದು. ಹಿಂಗಾಲಿನ ಕೀಲಿಗೆ ಬೀಗ ಹಾಕಿಕೊಂಡು ಆಯಾಸವಿಲ್ಲದೆ ನಿಲ್ಲುತ್ತದೆ. ಆದರೆ ಕನಸಿನ ನಿದ್ದೆಗೆ ಅದು ನೆಲಕ್ಕೆ ಒರಗಲೇಬೇಕು. ದಿನಕ್ಕೆ ಬೇಕಾದದ್ದು ಅರ್ಧ ಗಂಟೆಯಷ್ಟೇ. ಸುತ್ತಲೂ ಭಯವಿಲ್ಲ ಎಂದು ಮನಸ್ಸಿಗೆ ಬಂದರೆ ಮಾತ್ರ ಒರಗುತ್ತದೆ. ಬಯಲಿನ ಹುಣಸೆಮರದ ಕೆಳಗೆ ತುಂಗೆ ಕತ್ತು ಚಾಚಿ ಮಲಗಿ, ನಿದ್ದೆಯಲ್ಲೇ ತುಟಿ ಅಲ್ಲಾಡಿಸುತ್ತಾಳೆ. ಪಕ್ಕದಲ್ಲಿ ಮುದಿ ತಟ್ಟುವೊಂದು ಕಾವಲು ನಿಂತಿರುತ್ತದೆ. ಆ ಹೊತ್ತಿನಲ್ಲಿ ಚಾಚಾ ಬಕೆಟ್ಟನ್ನೂ ಸದ್ದಾಗದಂತೆ ಇಡುತ್ತಾರೆ.

ಬಿಡುವು ಮುಗಿದು ಮಳೆ ಹಿಡಿಯುವ ಹೊತ್ತಿಗೆ ನಡಿಗೆ ಶುರು. ಮೂರು ವಾರ ಬರೀ ನಡಿಗೆ. ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿಸುತ್ತೇವೆ. ರಾಗಿ ಹೊಲದ ಬದು, ದ್ರಾಕ್ಷಿ ತೋಟದ ಬೇಲಿ, ನೀಲಗಿರಿ ತೋಪಿನ ಏರು, ಕೆರೆ ಏರಿಯ ಗಟ್ಟಿನೆಲ. ಏರಿನಲ್ಲಿ ಹಿಂಗಾಲು ದುಡಿಯುತ್ತದೆ, ಗಟ್ಟಿನೆಲ ಎಲುಬನ್ನು ಹುರಿಗೊಳಿಸುತ್ತದೆ. ಬಹಳ ಜನಕ್ಕೆ ಬೇಸರ ತರುವ ಘಟ್ಟ ಇದು. ನನಗೆ ಇದೇ ಹಬ್ಬ. ಲಗಾಮು ಸಡಿಲ ಬಿಟ್ಟರೆ ಅವಳ ಕತ್ತು ಹೆಜ್ಜೆಹೆಜ್ಜೆಗೂ ತೂಗುತ್ತದೆ. ಒದ್ದೆ ಮಣ್ಣಿನಲ್ಲಿ ನಾಲ್ಕು ಗೊರಸಿನ ಸದ್ದು ಒಂದಾದಮೇಲೊಂದು ಬಿಡಿಯಾಗಿ ಬೀಳುತ್ತದೆ; ಅದರ ಲಯ ತಪ್ಪಿದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ನಾಲ್ಕನೇ ವಾರ ಟ್ರಾಟ್ ಎಂಬ ಕುಕ್ಕುಲೋಟ, ಮೊದಲು ಎರಡೆರಡು ನಿಮಿಷ. ಏಳನೇ ವಾರ ಕ್ಯಾಂಟರ್. ಒಂದು ವಾರದಲ್ಲಿ ಒಂದನ್ನೇ ಹೆಚ್ಚಿಸುವುದು ನಮ್ಮ ಕಟ್ಟಳೆ. ಹೊತ್ತು ಹೆಚ್ಚಿದರೆ ವೇಗ ಹೆಚ್ಚಬಾರದು, ವೇಗ ಹೆಚ್ಚಿದರೆ ಹೊತ್ತು ಹೆಚ್ಚಬಾರದು.

ಶ್ರಾವಣ ಕಳೆಯುವಾಗ ಅಂಕಣದ ಮರಳಿನ ಮೇಲೆ ಗಳುಗಳು ಬರುತ್ತವೆ. ಟ್ರಾಟಿಗೆ 1.3 ಮೀಟರಿಗೊಂದು, ಕ್ಯಾಂಟರಿಗೆ 3 ಮೀಟರಿಗೊಂದು, ನೆಲಕ್ಕೇ ಇಟ್ಟ ಗಳುಗಳು. ಕುದುರೆ ತಲೆ ತಗ್ಗಿಸಿ, ಬೆನ್ನು ಎತ್ತಿ, ಒಂದನ್ನೂ ತಾಗಿಸದೆ ದಾಟುತ್ತದೆ. ಆಮೇಲೆ ಸಾಲುಬೇಲಿ. ಎರಡು ಬೇಲಿಯ ನಡುವೆ ಒಂದೇ ಹೆಜ್ಜೆ ಬೇಕೆಂದರೆ 24 ಅಡಿ: ಇಳಿಯಲು 6, ಹೆಜ್ಜೆಗೆ 12, ಚಿಮ್ಮಲು 6. ಈ ಲೆಕ್ಕವನ್ನು ನಾನು ಕಾಲಿನಲ್ಲೇ ಅಳೆಯುತ್ತೇನೆ. ಅಳತೆ ಸರಿ ಇದ್ದರೆ ಸವಾರ ಏನನ್ನೂ ಹೇಳಬೇಕಿಲ್ಲ. ಬೇಲಿಯೇ ಕುದುರೆಗೆ ಪಾಠ ಹೇಳುತ್ತದೆ, ಹಿಂಗಾಲು ಎಲ್ಲಿ ಊರಬೇಕು, ಮುಂಗಾಲು ಎಷ್ಟು ಮಡಿಸಬೇಕು ಎಂದು. ತುಂಗೆಯ ಕಿವಿಗಳೆರಡೂ ಮುಂದಕ್ಕೆ ನಿಮಿರುತ್ತವೆ, ಹೆಗಲು ಮೇಲೆದ್ದು ಬರುತ್ತದೆ, ನೆಲ ಒಂದು ಗಳಿಗೆ ಇಲ್ಲವಾಗುತ್ತದೆ. ಆ ಗಳಿಗೆಗಾಗಿ ಒಂದು ವರ್ಷ ಕಾಯುವುದು ನನಗೆ ದುಬಾರಿ ಎನಿಸಿಲ್ಲ.

ಜಿಗಿತಕ್ಕೆ ಲೆಕ್ಕ ಇಡುತ್ತೇನೆ. ಬಲ ಜೇಬಿನಲ್ಲಿ ಇಪ್ಪತ್ತು ಹುಣಸೆಬೀಜ. ಪ್ರತಿ ಸಾಲು ಮುಗಿದಾಗ ಹಾರಿದಷ್ಟು ಬೀಜ ಎಡ ಜೇಬಿಗೆ. ಬಲ ಜೇಬು ಖಾಲಿಯಾದರೆ ಆ ದಿನದ ಹಾರಾಟ ಮುಗಿಯಿತು. ಚೆನ್ನಾಗಿ ಹಾರುತ್ತಿದ್ದಾಳೆ, ಇನ್ನೊಂದೇ ಒಂದು ಎನ್ನುವ ಆಸೆ ಬರುವುದು ಆಗಲೇ. ಬೀಜಗಳು ಆ ಆಸೆಯನ್ನು ಕಟ್ಟಿಹಾಕುತ್ತವೆ.

ಆಯುಧಪೂಜೆಗೆ ಜೀನಿಗೆ ಎಣ್ಣೆ ಸವರಿ, ಕಡಿವಾಣ ತಿಕ್ಕಿ, ರಿಕಾಪಿಗೆ ಕುಂಕುಮ ಹಚ್ಚುತ್ತೇವೆ. ವಿಜಯದಶಮಿಯಿಂದ ನಮ್ಮ ಸ್ಪರ್ಧೆಯ ಋತು. ಆ ದಿನಗಳಲ್ಲಿ ವಾರ ಹೀಗೆ ಸಾಗುತ್ತದೆ: ಸೋಮವಾರ ಬಯಲು. ಮಂಗಳವಾರ ಹೊಲದ ದಾರಿಯ ನಡಿಗೆ. ಬುಧವಾರ ಅಂಕಣದಲ್ಲಿ ಬಾಗು ಬಳುಕಿನ ಸಾಧನೆ. ಗುರುವಾರ ಸಾಲುಬೇಲಿ. ಶುಕ್ರವಾರ ಹಗುರ. ಶನಿವಾರ ಮೂರು ನಿಮಿಷದ ಕ್ಯಾಂಟರ್ ಮೂರು ಸಲ, ನಡುನಡುವೆ ನಡಿಗೆ. ಭಾನುವಾರ ಹಾರಾಟ. ಕುದುರೆಯ ಬೆವರಿನಲ್ಲಿ ನೊರೆ ಬರಿಸುವ ಪ್ರೋಟೀನು ಇದೆ, ಉಪ್ಪೂ ನಮ್ಮ ಬೆವರಿಗಿಂತ ಹೆಚ್ಚು. ಹಾಗಾಗಿ ಬೆವರಿದ ದಿನ ಬೂಸಾದಲ್ಲಿ ಉಪ್ಪು ಕಲಸಿ ಕೊಡುತ್ತೇವೆ, ನೀರು ಎಷ್ಟು ಕುಡಿದಳೆಂದು ಬಕೆಟ್ಟು ಎಣಿಸುತ್ತೇವೆ. ಸ್ಪರ್ಧೆ ಮುಗಿದೊಡನೆ ಕಟ್ಟಿಹಾಕುವುದಿಲ್ಲ; ಇಪ್ಪತ್ತು ನಿಮಿಷ ನಡೆಸಿ, ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ, ಆಮೇಲೆ ಮಾಲೀಸು. ಮರುದಿನ ಬೆಳಿಗ್ಗೆ ನೇರ ಗೆರೆಯಲ್ಲಿ ಟ್ರಾಟ್ ಮಾಡಿಸಿ ನೋಡುತ್ತೇವೆ. ಸಂಕ್ರಾಂತಿಗೆ ಹತ್ತು ದಿನದ ಚಿಕ್ಕ ಬಿಡುವು, ಒಂದು ತುಂಡು ಬೆಲ್ಲ.

ಇದೆಲ್ಲ ಚಿಕ್ಕ ಲಾಯದವರ ಅತಿ ಜಾಗ್ರತೆ ಎಂದು ಯಾರಾದರೂ ಹೇಳಿದರೆ ನಾನು ಬಿಗ್ ಸ್ಟಾರ್‌ನನ್ನು ನೆನೆಯುತ್ತೇನೆ. ಬ್ರಿಟನ್ನಿನ ನಿಕ್ ಸ್ಕೆಲ್ಟನ್ ಏರುತ್ತಿದ್ದ ಗಂಡು ಕುದುರೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ತಂಡದ ಚಿನ್ನ ಗೆದ್ದಿತು. ಮರುವರ್ಷ ಗಾಯ. ಆಮೇಲೆ ದೀರ್ಘ ಕಾಲ ಅದು ದೊಡ್ಡ ಸ್ಪರ್ಧೆಗಳಿಂದ ದೂರ ಉಳಿಯಿತು. ಅವಸರಪಡದೆ ಕಾದರು. 2016ರಲ್ಲಿ ರಿಯೊದಲ್ಲಿ, 58 ವರ್ಷದ ಸವಾರನನ್ನು ಹೊತ್ತು ಅದೇ ಕುದುರೆ ವೈಯಕ್ತಿಕ ಚಿನ್ನ ಗೆದ್ದಿತು. ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಅವರ ಕುದುರೆ ಸೀನ್ಯೋರ್ ಮೆಡಿಕಾಟ್ ಕೂಡ ನನಗೆ ಹಾಗೆಯೇ ಕಾಣುತ್ತದೆ. 2018ರಲ್ಲಿ ಏಷ್ಯನ್ ಕ್ರೀಡಾಕೂಟದ ಬೆಳ್ಳಿ, ಮೂರು ವರ್ಷದ ಮೇಲೆ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನ. ಅವರ ವಿಭಾಗವಾದ ಈವೆಂಟಿಂಗಿನಲ್ಲಿ ಬೇಲಿ ಜಿಗಿತ ಬರುವುದು ಕೊನೆಗೆ, ಕಾಡುಮೇಡಿನ ಓಟ ಮುಗಿದ ಮೇಲೆ. ಅದಕ್ಕೂ ಮೊದಲು ಪಶುವೈದ್ಯರ ಮುಂದೆ ಕುದುರೆಯನ್ನು ನೇರ ಗೆರೆಯಲ್ಲಿ ಟ್ರಾಟ್ ಮಾಡಿಸಿ ತೋರಿಸಬೇಕು. ಹೆಜ್ಜೆ ಕುಂಟಿದರೆ ಅಲ್ಲಿಗೇ ಮುಗಿಯಿತು.

ಕುದುರೆ ತನ್ನ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಹುಲ್ಲುಗಾವಲಿನಲ್ಲಿ ಬೇಟೆಗೆ ಸಿಕ್ಕದೆ ಬದುಕಿದ ಕುಲ ಅದು. ಕುಂಟಿದ್ದನ್ನು ಬಚ್ಚಿಡುವುದೇ ಅದರ ರಕ್ಷಣೆ. ಬೇಲಿಯ ಮುಂದೆ ತಂದು ನಿಲ್ಲಿಸಿದರೆ ನೋಯುವ ಕಾಲಿನಲ್ಲೂ ಹಾರುತ್ತದೆ. ಆದ್ದರಿಂದ ಸಾಕು ಎಂದು ಹೇಳುವ ಹೊಣೆ ಹತ್ತುವವರದು. ಕುದುರೆ ಹತ್ತುವ ಎಳೆಯರಿಗೆ, ಅವರ ತಂದೆತಾಯಿಗಳಿಗೆ ನನ್ನದೊಂದೇ ಕೋರಿಕೆ: ಕ್ಯಾಲೆಂಡರಿನಲ್ಲಿ ಸ್ಪರ್ಧೆಯ ದಿನ ಗುರುತಿಸುವ ಮೊದಲು ಬಿಡುವಿನ ದಿನಗಳನ್ನು ಗುರುತಿಸಿ. ಜೀನು ಕೈಗೆತ್ತಿಕೊಳ್ಳುವ ಮೊದಲು ನಾಲ್ಕು ಕಾಲನ್ನೂ ಮುಟ್ಟಿ ನೋಡಿ.

ತುಂಗೆಗೆ ಈಗ 14 ವರ್ಷ. ಈ ಋತುವಿನಲ್ಲೂ ಹಾರುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಅವಳ ನಾಲ್ಕೂ ಕಾಲು ತಣ್ಣಗಿದ್ದವು.