ಅಲಂಪುರದ ಹಾದಿಯಲ್ಲಿ ಲಾರಿಗಳ ಸಹವಾಸ

ಗದ್ವಾಲ ಮತ್ತು ಅಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ಅಂಗಗಳಾಗಿದ್ದವೆಂಬುದು ನಮ್ಮ ಹಿರಿಯರಿಗೆಲ್ಲ ತಿಳಿದ ಸಂಗತಿ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣದ ಪಾಲಾದವು. 2016ರಿಂದ ಜೋಗುಳಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯಲ್ಲಿವೆ. ಗಡಿ ಹೀಗೆ ಎಷ್ಟು ಬಾರಿ ಸರಿದರೂ ಮಕ್ತಲದ ನಮ್ಮ ಮನೆಯವರು ವರ್ಷಕ್ಕೊಮ್ಮೆ ಅಲಂಪುರಕ್ಕೆ ಹೋಗಿ ಜೋಗುಳಾಂಬೆಗೆ ಹಣ್ಣುಕಾಯಿ ಒಪ್ಪಿಸಿ ಬರುವ ಪದ್ಧತಿಯನ್ನು ಬಿಟ್ಟಿಲ್ಲ.

ನಮ್ಮ ಅಜ್ಜನ ಕಾಲದವರು ‘ಅಲಂಪುರ ರೋಡ್’ ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಎತ್ತಿನ ಬಂಡಿ ಹಿಡಿಯುತ್ತಿದ್ದರಂತೆ. ಅವರಿಗಿದ್ದ ಭಯ ಬಿಸಿಲಿನದು, ಬಾಯಾರಿಕೆಯದು. ನಮಗಿರುವ ಭಯ ಬೇರೆ. ಈ ಸಲದ ಯಾತ್ರೆಯಲ್ಲಿ ಆ ಭಯದ ನಿಜಸ್ವರೂಪ ನಮಗೆ ಮನವರಿಕೆಯಾಯಿತು. ಅದನ್ನು ಓದುಗ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವುದೇ ಈ ಬರಹದ ಉದ್ದೇಶ.

ಬೆಳಗಿನ ಜಾವ ಐದು ಜನ ಕಾರಿನಲ್ಲಿ ಹೊರಟೆವು. ಚಾಲಕನ ಸ್ಥಾನದಲ್ಲಿದ್ದವನು ನಮ್ಮ ಅಣ್ಣನ ಮಗ, ಇಪ್ಪತ್ತಾರರ ಹರೆಯದವನು. ಆತ್ಮಕೂರಿನ ಮೇಲೆ ಬಂದು ಜುರಾಲಾ ಅಣೆಕಟ್ಟನ್ನು ದಾಟುವಾಗ ಕೃಷ್ಣೆಯ ನೀರಿನ ಮೇಲೆ ಸೂರ್ಯ ಆಗತಾನೆ ಮೂಡುತ್ತಿದ್ದ. ಗದ್ವಾಲದಲ್ಲಿ ಉಪಾಹಾರ ಮುಗಿಸಿ ಎರ್ರವಲ್ಲಿ ಚೌರಸ್ತಾ ತಲುಪಿ, ಅಲ್ಲಿ ಬಲಕ್ಕೆ ತಿರುಗಿ ಹೆದ್ದಾರಿಯನ್ನು ಸೇರಿದೆವು.

ಇದು ಹಿಂದೆ 7ನೆಯ ಸಂಖ್ಯೆಯ ಹೆದ್ದಾರಿಯೆಂದು ಹೆಸರಾಗಿದ್ದು, 2010ರ ಮರುಸಂಖ್ಯೆಯಲ್ಲಿ 44 ಆದ ರಸ್ತೆ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹಬ್ಬಿದ, ದೇಶದ ಅತಿ ಉದ್ದದ ರಾಷ್ಟ್ರೀಯ ಹೆದ್ದಾರಿ. ಹಳ್ಳಿಯ ಇಕ್ಕಟ್ಟಿನ ರಸ್ತೆಯಿಂದ ಇದಕ್ಕೆ ಕಾಲಿಟ್ಟಾಗ ಕೆರೆಯಿಂದ ಹೊಳೆಗೆ ಬಿದ್ದ ಮೀನಿನಂತಾಗುತ್ತದೆ. ಸಿಮೆಂಟು, ಅಕ್ಕಿ, ಈರುಳ್ಳಿ, ಕಬ್ಬಿಣ, ಹತ್ತಿ, ಹೊಚ್ಚಹೊಸ ಕಾರುಗಳನ್ನೇ ಹೊತ್ತ ಉದ್ದನೆಯ ಪೆಟ್ಟಿಗೆಗಳು, ಹೀಗೆ ಹಗಲಿರುಳೆನ್ನದೆ ಲಾರಿಗಳ ಸಾಲು ಹರಿಯುತ್ತಲೇ ಇರುತ್ತದೆ. ನಾವು ಉಣ್ಣುವ, ಉಡುವ ವಸ್ತುಗಳಲ್ಲಿ ಲಾರಿಯೇರದೆ ನಮ್ಮ ಮನೆಗೆ ಬಂದದ್ದು ಎಷ್ಟಿದೆ ಹೇಳಿ? ಆದರೂ ರಸ್ತೆಯಲ್ಲಿ ಎದುರಾದ ಕೂಡಲೆ ಲಾರಿಯೆಂದರೆ ನಮಗೆ ಅಡ್ಡಿ, ದಾಟಿ ಹೋಗಬೇಕಾದ ಒಂದು ಗೋಡೆ.

ಎರ್ರವಲ್ಲಿಯಿಂದ ಸ್ವಲ್ಪ ದೂರ ಬರುವಷ್ಟರಲ್ಲಿ ಫಲಕಗಳು ಕಾಣಿಸಿದವು. ‘ಮುಂದೆ ಕಾಮಗಾರಿ’ ಎಂದೊಂದು. ಕೆಂಪು ವೃತ್ತದಲ್ಲಿ 40 ಎಂಬ ಅಂಕಿಯದೊಂದು. ಎಡಪಥ ಮುಚ್ಚಿದೆಯೆಂದು ಬಾಣದ ಗುರುತಿನದು ಮತ್ತೊಂದು. ನಮ್ಮ ಮುಂದಿದ್ದ ಅಕ್ಕಿಯ ಲಾರಿ ಬೇಗನೆ ಬಲಪಥಕ್ಕೆ ಸರಿದು ವೇಗ ತಗ್ಗಿಸಿತು. ಖಾಲಿ ಬಿದ್ದ ಎಡಪಥವನ್ನು ಕಂಡು ನಮ್ಮ ಹುಡುಗನಿಗೆ ಆಸೆಯಾಯಿತು. ಡ್ರಮ್ಮುಗಳ ಸಾಲು ಬರುವಷ್ಟರಲ್ಲಿ ಲಾರಿಯನ್ನು ಎಡದಿಂದ ದಾಟಿಬಿಡೋಣವೆಂದು ವೇಗ ಹೆಚ್ಚಿಸಿದ. ‘ಬೇಡ’ ಎಂದು ನಾವು ಹೇಳಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ಪೂಜೆಯ ಹೊತ್ತು ಮೀರುತ್ತದೆಂಬ ಅವಸರ ನಮಗೂ ಇತ್ತು.

ಲಾರಿ ನಾವೆಣಿಸಿದ್ದಕ್ಕಿಂತ ಉದ್ದವಾಗಿತ್ತು. ಎಡಪಥ ನಾವೆಣಿಸಿದ್ದಕ್ಕಿಂತ ಗಿಡ್ಡವಾಗಿತ್ತು. ಬಲಕ್ಕೆ ಲಾರಿಯ ಚಕ್ರಗಳು, ಎದುರಿಗೆ ಡ್ರಮ್ಮುಗಳು, ಅವುಗಳ ಪಕ್ಕದಲ್ಲಿ ಕೆಂಪು ಬಾವುಟ ಹಿಡಿದು ನಿಂತ ಒಬ್ಬ ಹೆಂಗಸು. ಬ್ರೇಕು ಹಾಕಿದರೆ ಸಡಿಲ ಜಲ್ಲಿಯ ಮೇಲೆ ಕಾರು ಜಾರತೊಡಗಿತು. ಲಾರಿಯ ಚಾಲಕರು ಆ ಗಳಿಗೆಯಲ್ಲಿ ನಮ್ಮನ್ನು ಕಂಡು ಬಲಕ್ಕೆ ಒಂದಿಷ್ಟು ಸರಿದರು. ಹೆಂಗಸು ಹಿಂದಕ್ಕೆ ಜಿಗಿದಳು. ಒಂದು ಡ್ರಮ್ಮು ಉರುಳಿತು. ಅದಕ್ಕೆ ತಾಗಿ ಕಾರು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಆಕೆ ಡ್ರಮ್ಮನ್ನು ಎತ್ತಿ ನಿಲ್ಲಿಸಿ, ನಮ್ಮತ್ತ ಒಮ್ಮೆ ನೋಡಿ, ಮತ್ತೆ ಬಾವುಟ ಹಿಡಿದು ನಿಂತಳು. ಬೈದಿದ್ದರೆ ನಮಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅಲಂಪುರ ಚೌರಸ್ತಾದ ಚಹಾದಂಗಡಿಯಲ್ಲಿ ಅದೇ ಲಾರಿ ನಿಂತಿತ್ತು. ಕ್ಷಮೆ ಕೇಳಲು ಹೋದೆವು. ನಡುವಯಸ್ಸಿನ ಚಾಲಕರು ಕೋಪಗೊಳ್ಳದೆ, ನಮ್ಮ ಹುಡುಗನನ್ನು ಕರೆದು ತಮ್ಮ ಆಸನದಲ್ಲಿಯೇ ಕೂರಿಸಿದರು. ಎಡಬದಿಯಲ್ಲಿ ಏನು ಕಾಣುತ್ತದೆಂದು ಕೇಳಿದರು. ಎಡಬಾಗಿಲಿನ ಪಕ್ಕದಲ್ಲಿಯೇ ನಿಂತಿದ್ದ ನಮ್ಮ ತಲೆ ಅವನಿಗೆ ಕಾಣಲಿಲ್ಲ! ಮೂತಿಗೆ ಹತ್ತಿ ನಿಂತವರು, ಬೆನ್ನಿಗೆ ಅಂಟಿಕೊಂಡು ಬರುವವರು, ಎಡಗಡೆ ಒತ್ತಿಕೊಂಡು ಬರುವವರು, ಈ ಮೂವರೂ ತಮ್ಮ ಪಾಲಿಗೆ ಇಲ್ಲದವರೇ ಎಂದು ಅವರು ತೆಲುಗಿನಲ್ಲಿ ವಿವರಿಸಿದರು. ನೆನಪಿಡಬೇಕಾದ ಸೂತ್ರ ಒಂದೇ: ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ, ನಾವೂ ಅವನಿಗೆ ಕಾಣುವುದಿಲ್ಲ. ‘ಮೂವತ್ತು ಟನ್ನಿಗೂ ಮೀರಿದ ಭಾರ ನನ್ನ ಬೆನ್ನ ಮೇಲಿದೆ. ನಿಲ್ಲು ಎಂದ ಕೂಡಲೆ ಅದು ನಿಲ್ಲುವುದಿಲ್ಲ’ ಎಂದರು.

ಈ ಮಾತನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿಯೇ ಮೂವತ್ತು ಮೀಟರ್ ಕಳೆದಿರುತ್ತದೆ. ತುಂಬಿದ ಲಾರಿ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲಿಯೂ ಸುಮಾರು ನೂರು ಮೀಟರ್ ಬೇಕು. ವೇಗ ಅರ್ಧವಾದರೆ ಬ್ರೇಕು ಹಿಡಿದ ಮೇಲಿನ ಓಟ ಅರ್ಧವಲ್ಲ, ಕಾಲುಭಾಗವಾಗುತ್ತದೆ. ಹಾಗಾಗಿ 40ರ ವೇಗದಲ್ಲಿ ಅದೇ ಲಾರಿ ಮೂವತ್ತೈದು ಮೀಟರಿನೊಳಗೆ ನಿಲ್ಲಬಲ್ಲುದು. ಲಾರಿಯ ಮುಂದಿರುವ ಖಾಲಿ ಜಾಗ ನಮಗಾಗಿ ಬಿಟ್ಟದ್ದಲ್ಲ. ಅದು ಅವರ ಬ್ರೇಕಿನ ಜಾಗ. ಅದರೊಳಗೆ ನುಸುಳುವವರು ಅವರ ಬ್ರೇಕನ್ನೇ ಕಸಿದುಕೊಂಡಂತೆ.

ಕಾನೂನೂ ಈ ಭೇದವನ್ನು ಒಪ್ಪಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ನಡುವೆ ವಿಭಜಕವಿರುವ ಚತುಷ್ಪಥಗಳಲ್ಲಿ ಕಾರುಗಳಿಗೆ 100, ಸರಕು ವಾಹನಗಳಿಗೆ 80 ಎಂದು ಗರಿಷ್ಠ ವೇಗವನ್ನು ಬೇರೆಬೇರೆಯಾಗಿ ಗೊತ್ತುಪಡಿಸಲಾಗಿತ್ತು. ಆದರೆ ಅವು ತೆರೆದ ರಸ್ತೆಯ ಮಾತು. ಕಾಮಗಾರಿಯ ಜಾಗದಲ್ಲಿ ಅಲ್ಲಿ ನೆಟ್ಟ ಫಲಕದ ಅಂಕಿಯೇ ಎಲ್ಲರಿಗೂ ಕಟ್ಟಳೆ. ಲಾರಿಗೂ ಅಷ್ಟೇ, ಕಾರಿಗೂ ಅಷ್ಟೇ.

ಅಲಂಪುರ ಸೇರಿದಾಗ ಹತ್ತು ಗಂಟೆ. ಬಾದಾಮಿಯ ಚಾಲುಕ್ಯರ ಕಾಲದಲ್ಲಿ, 7–8ನೆಯ ಶತಮಾನಗಳಲ್ಲಿ, ತುಂಗಭದ್ರೆಯ ದಡದಲ್ಲಿ ಎದ್ದ ನವಬ್ರಹ್ಮ ದೇವಾಲಯಗಳ ಶಿಖರಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹೆಸರಿಗೆ ಬ್ರಹ್ಮನಾದರೂ ಒಳಗಿರುವವನು ಶಿವ. ಕಲ್ಲಿನ ಮೇಲಿನ ಹಳೆಯ ಕನ್ನಡ ಅಕ್ಷರಗಳನ್ನು ಕಂಡಾಗ ತವರಿಗೆ ಬಂದ ಸಂತೋಷ. ಜೋಗುಳಾಂಬೆಗೆ ಈಗಿರುವ ಗುಡಿ 2005ರದು. ಅದಕ್ಕೆ ಮೊದಲು ದೇವಿಯ ಮೂರ್ತಿಗೆ ಬಾಲಬ್ರಹ್ಮೇಶ್ವರನ ಗುಡಿಯೇ ಆಶ್ರಯವಾಗಿತ್ತು. ಶ್ರೀಶೈಲದ ಜಲಾಶಯದಲ್ಲಿ ಮುಳುಗಲಿದ್ದ ಕೂಡವಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಪ್ರತಿವರ್ಷವೂ ಬೆರಗಿನಿಂದ ನೋಡುತ್ತಿದ್ದ ಆ ಗುಡಿಯ ಮುಂದೆ ಈ ಸಲ ಬಹಳ ಹೊತ್ತು ಕುಳಿತೆವು. ಮಂಗಳಾರತಿಯ ಸಮಯದಲ್ಲಿಯೂ ಕಣ್ಣೆದುರಿಗೆ ಬಂದದ್ದು ಹಿಂದಕ್ಕೆ ಜಿಗಿದ ಆ ಹೆಂಗಸೇ.

ಮರಳುವಾಗ ಸಂಜೆ. ಕಾಮಗಾರಿಯ ಆಚೆಬದಿಯಲ್ಲಿ, ಅಂಚಿನಲ್ಲಿ ಸುರಕ್ಷಿತ ಸ್ಥಳವಿದ್ದಲ್ಲಿ ನಿಲ್ಲಿಸಿದೆವು. ಕೆಲಸ ಮುಗಿಸಿ ಆಕೆ ಇತರ ಕೂಲಿಗಳೊಡನೆ ಟ್ರ್ಯಾಕ್ಟರಿಗಾಗಿ ಕಾಯುತ್ತ ಕುಳಿತಿದ್ದಳು. ಪ್ರಸಾದ ಕೊಟ್ಟು ತೆಲುಗಿನಲ್ಲಿ ಮಾತನಾಡಿಸಿದೆವು. ಆಕೆ ಉತ್ತರಿಸಿದ್ದು ಕನ್ನಡದಲ್ಲಿ! ‘ನಮ್ದು ನಾರಾಣಪ್ಯಾಟಿ ಕಡೀದ್ರಿ. ಮಿಷಿನ್ ಸಪ್ಪಳದಾಗ ಗಾಡಿ ಬರೋದು ಕೇಳಂಗಿಲ್ರಿ. ಕಣ್ಣೀಗೆ ಬಿದ್ರಷ್ಟೇ ಉಳ್ಕೋಬೇಕು. ಆ ಡಬ್ಬಿ ಏನು ಗಾಡಿ ತಡೀತಾವೇನ್ರಿ?’

ತಡೆಯುವುದಿಲ್ಲ. ಅವು ನಮ್ಮ ವಿವೇಕಕ್ಕೆ ಇಟ್ಟ ಗುರುತುಗಳು ಮಾತ್ರ. ಪಾಲಮೂರಿನ ಕೂಲಿಗಳು ದೇಶದ ಎಷ್ಟೋ ಅಣೆಕಟ್ಟುಗಳಿಗೆ, ಕಾಲುವೆಗಳಿಗೆ, ರಸ್ತೆಗಳಿಗೆ ಮಣ್ಣು ಹೊತ್ತವರೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಾದರೆ ಯಾವ ಊರಿನ ಯಾವ ಹೆದ್ದಾರಿಯಲ್ಲಿ ಡ್ರಮ್ಮುಗಳ ಹಿಂದೆ ನಿಂತವರೂ ನಮ್ಮವರೇ ಆಗಿರಬಹುದಲ್ಲವೆ? ಆ 3 ಕಿಲೋಮೀಟರನ್ನು 80ರ ವೇಗದಲ್ಲಿ ದಾಟಲು ಎರಡೂಕಾಲು ನಿಮಿಷ ಸಾಕು. 40ರಲ್ಲಿ ನಾಲ್ಕೂವರೆ ನಿಮಿಷ. ನಾವು ಉಳಿಸಹೊರಟದ್ದು ಎರಡೂಕಾಲು ನಿಮಿಷ. ಅದಕ್ಕೆ ಪಣವಾಗಿ ಒಡ್ಡಿದ್ದು ನಾರಾಯಣಪೇಟೆಯ ಒಬ್ಬ ತಾಯಿಯ ಪ್ರಾಣ.

ಈ ಸೀಮೆ ರಸ್ತೆಯ ದುಃಖವನ್ನು ಸಾಕಷ್ಟು ಉಂಡಿದೆ. ಅಲಂಪುರದ ಉತ್ತರಕ್ಕೆ ಪಾಲೆಂ ಬಳಿ 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಬರುತ್ತಿದ್ದ ಬಸ್ಸು ಮೋರಿಯ ಕಟ್ಟೆಗೆ ಬಡಿದು ಹೊತ್ತಿ, 45 ಮಂದಿ ಅಸುನೀಗಿದರು. ದಕ್ಷಿಣಕ್ಕೆ ಕರ್ನೂಲಿನ ಆಚೆ ಚಿನ್ನಟೇಕೂರಿನಲ್ಲಿ 2025ರ ಅಕ್ಟೋಬರ್ 24ರಂದು, ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹರಿದ ಬಸ್ಸು ಉರಿದುಹೋಯಿತು. ಅದೇ ನವೆಂಬರ್ 3ರಂದು ಚೇವೆಳ್ಳದ ಬಳಿ ಜಲ್ಲಿ ತುಂಬಿದ ಲಾರಿ ತಾಂಡೂರಿನ ಬಸ್ಸಿಗೆ ಡಿಕ್ಕಿ ಹೊಡೆದು, ಸುಮಾರು ಇಪ್ಪತ್ತು ಮಂದಿ ಮಡಿದರು. ನಮ್ಮ ಓದುಗರಲ್ಲಿ ಅನೇಕರು ಓಡಾಡುವ ದಾರಿಗಳಿವು.

ಹೊಣೆ ನಮ್ಮೊಬ್ಬರದೇ ಅಲ್ಲ. ಫಲಕ, ದೀಪ, ತಡೆಗಳನ್ನು ಸರಿಯಾಗಿ ಇಡದೆ ರಸ್ತೆ ಅಗೆಯುವವರಿಗೂ 2019ರ ತಿದ್ದುಪಡಿಯ ಮೋಟಾರು ವಾಹನ ಕಾಯ್ದೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಕತ್ತಲಲ್ಲಿ ದೀಪವಿಲ್ಲದೆ ಅಂಚಿನಲ್ಲಿ ನಿಂತ ಲಾರಿ, ಹೊಸ ಡಾಂಬರಿಗೂ ಹಳೆಯ ಅಂಚಿಗೂ ನಡುವಿನ ಗೇಣುದ್ದದ ಮೆಟ್ಟಿಲು, ರಾತ್ರಿ ಉರುಳಿ ಬಿದ್ದ ಡ್ರಮ್ಮು, ಇಂಥವು ಕಂಡರೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ತಿಳಿಸಬಹುದು. ದೂರುವುದು ಸುಲಭ, ತಿಳಿಸುವುದರಿಂದ ಒಂದು ಜೀವ ಉಳಿದೀತು.

ನಮ್ಮ ಕೈಯಲ್ಲಿರುವುದು ಇಷ್ಟು. ಮೊದಲ ಫಲಕ ಕಂಡೊಡನೆ ವೇಗ ತಗ್ಗಿಸಿ ಸಾಲಿಗೆ ಸೇರಬೇಕು. ಕಾಮಗಾರಿಯ ಉದ್ದಕ್ಕೂ ಯಾರನ್ನೂ ಹಿಂದೆ ಹಾಕಬಾರದು. ಲಾರಿಯ ಹಿಂದೆ ಅದರ ಕನ್ನಡಿ ಕಾಣುವಷ್ಟು ದೂರದಲ್ಲಿರಬೇಕು. ಎಡದಿಂದ ಎಂದೂ ನುಗ್ಗಬಾರದು. ಚಾಲಕನಿಗೆ ಅವಸರವಾದಾಗ ‘ತಾಳು’ ಎನ್ನುವ ಧೈರ್ಯ ಪಕ್ಕದಲ್ಲಿ ಕುಳಿತ ಹಿರಿಯರಿಗಿರಬೇಕು. ಆ ದಿನ ನಮ್ಮಲ್ಲಿ ಇಲ್ಲದೆ ಹೋದದ್ದು ಇದೇ.

ರಸ್ತೆ ಕಾಮಗಾರಿಗಳು ಮುಗಿಯುವಂಥವಲ್ಲ. ಸೂರತ್–ಚೆನ್ನೈ ಹೆದ್ದಾರಿಯೂ ನಮ್ಮ ಸೀಮೆಯನ್ನು ಹಾದೇ ಕರ್ನೂಲಿಗೆ ಹೋಗಬೇಕು. 2028ರಲ್ಲಿ ಕೃಷ್ಣಾ ಪುಷ್ಕರ ಬರಲಿದೆ. ಆಗ ಬೀಚುಪಲ್ಲಿಗೂ ಅಲಂಪುರಕ್ಕೂ ಜನ ಹೊಳೆಯಾಗಿ ಹರಿದಾರು. ಆ ವೇಳೆಗೆ ನಮ್ಮ ಮನೆಗಳ ಮಕ್ಕಳು ಎಷ್ಟೋ ಜನ ಚಾಲಕರಾಗಿರುತ್ತಾರೆ. ಅವರಿಗೆ ಈ ಮಾತುಗಳನ್ನು ಈಗಲೇ ಹೇಳಿಡೋಣ. ನಮ್ಮ ಹುಡುಗನಂತೂ ಅಂದು ಮಕ್ತಲ ಮುಟ್ಟುವವರೆಗೂ ಒಂದು ಲಾರಿಯನ್ನೂ ಹಿಂದೆ ಹಾಕಲಿಲ್ಲ. ಮನೆ ತಲುಪಿದ್ದು ತಡವಾಗಿ. ತಡವಾಯಿತೆಂದು ಯಾರೂ ಆಡಿಕೊಳ್ಳಲಿಲ್ಲ.