ಗೋಡೆಗೆ ಇರಲಿ, ಎತ್ತಿದರೆ ಕೈಗೆ ಬರಲಿ

ಧಾರವಾಡ ಕಡೆಯ ಒಂದು ಊರಿನ ಪಂಚಾಯ್ತಿ ಗ್ರಂಥಾಲಯಕ್ಕೆ ನಾವು ಗೆಳೆಯರು ಸೇರಿ ಒಂದು ಸಣ್ಣ ಕಂಪ್ಯೂಟರ್ ಕೊಟ್ಟೆವು. ಈ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಕಂಪ್ಯೂಟರಿನ ಹೆಸರು ರಾಸ್ಪ್‌ಬೆರಿ ಪೈ. ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಕಲಿಯಲಿ ಅಂತ ಇಂಗ್ಲೆಂಡಿನಲ್ಲಿ ಮಾಡಿದ್ದು, ಮಾರಾಟಕ್ಕೆ ಬಂದದ್ದು 2012ರಲ್ಲಿ. ನಾವು ಕೊಟ್ಟದ್ದು 2016ರಲ್ಲಿ ಬಂದ ಮೂರನೆಯ ಮಾದರಿ. 85 ಮಿ.ಮೀ. ಉದ್ದ, 56 ಮಿ.ಮೀ. ಅಗಲ. ಹೆಚ್ಚೂಕಡಿಮೆ ಎಟಿಎಂ ಕಾರ್ಡಿನಷ್ಟೇ.

ಅದರೊಳಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯ ತುಂಬಿದ್ದೇವೆ. ಗ್ರಂಥಾಲಯಕ್ಕೆ ಬಂದವರು ಅದರ ವೈಫೈ ಹಿಡಿದು ಮೊಬೈಲಿನಲ್ಲೇ ಓದಬಹುದು. ಡೇಟಾ ಬೇಡ, ಟವರ್ ಸಿಗದಿದ್ದರೂ ಚಿಂತೆಯಿಲ್ಲ.

ಇಡುವುದು ಎಲ್ಲಿ? ಮೇಜಿನ ಮೇಲಿಟ್ಟರೆ ಪೇಪರ್ ರಾಶಿ ಬಿದ್ದು ಗಾಳಿ ಆಡುವುದಿಲ್ಲ. ಚಿಪ್ ಬಿಸಿ 80 ಡಿಗ್ರಿ ದಾಟಿದರೆ ಪೈ ತಾನೇ ವೇಗ ತಗ್ಗಿಸುತ್ತದೆ. ಗೋಡೆಯೇ ಸರಿ ಅಂತ ಮಾತಾಡುತ್ತಿದ್ದಾಗ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಕೇಳಿದರು: "ತಮ್ಮಾ, ಇದು ಬಂದ್ ಬಿದ್ರ ನೀ ಹುಬ್ಬಳ್ಳಿಯಿಂದ ಬರೂತನಕಾ ನಾ ಏನ್ ಮಾಡ್ಲಿ?"

ಅವರು ಕೇಳಿದ್ದು ಖರೆ. ಪೈ ನಡೆಯುವುದು ಒಂದು ಮೈಕ್ರೊ ಎಸ್‌ಡಿ ಕಾರ್ಡಿನ ಮೇಲೆ. ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅದು ಕೆಡಬಹುದು. ಬೇರೆ ಕಾರ್ಡ್ ಹಾಕಿದರೆ ಮತ್ತೆ ಚಾಲೂ. ಆದರೆ ಕಾರ್ಡ್ ಕೂರುವುದು ಪೈಯ ಹಿಂಬದಿಗೆ, ಗೋಡೆ ಕಡೆ. ಬಿಗಿದುಬಿಟ್ಟರೆ ಅಕ್ಕನ ಕೈಗೆ ಸಿಗುವುದಿಲ್ಲ.

ಊರಿನ ಬಡಿಗೇರ ಕಾಕಾ ದಾರಿ ತೋರಿಸಿದರು. ಒಂದು ಗೇಣುದ್ದದ ಮರದ ಪಟ್ಟಿಯನ್ನು ಉದ್ದಕ್ಕೆ ಓರೆಯಾಗಿ, 45 ಡಿಗ್ರಿಗೆ ಸೀಳಿದರು. ಒಂದು ಹೋಳು ಗೋಡೆಗೆ, ಅದರ ಓರೆ ಮೇಲ್ಮುಖವಾಗಿ, ಗೋಡೆ ಕಡೆ ಇಳಿಜಾರಾಗಿ. ಇನ್ನೊಂದು ಹೋಳು ಪ್ಲೈವುಡ್ ತುಂಡಿನ ಹಿಂದೆ, ತಿರುವುಮುರುವಾಗಿ. ಮೇಲಿನಿಂದ ಇಳಿಸಿದರೆ ಒಂದರೊಳಗೊಂದು ಕಚ್ಚಿ ಕೂರುತ್ತವೆ, ಭಾರಕ್ಕೆ ಗೋಡೆಗೇ ಒತ್ತಿಕೊಳ್ಳುತ್ತವೆ. ಎತ್ತಿದರೆ ಬಂತು. ಸ್ಕ್ರೂಡ್ರೈವರ್ ಬೇಡ.

ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ತೂತು ಪುಡಿಪುಡಿ ಉದುರುತ್ತದೆ. ಅದಕ್ಕೆ ಕಾಕಾ ಮೊದಲು ಎರಡು ಮರದ ಬೆಣೆ ಬಡಿದು, ಅವಕ್ಕೆ ಸ್ಕ್ರೂ ಹಾಕಿದರು.

ಪೈಯನ್ನು ಪ್ಲೈವುಡ್ಡಿಗೆ ಕೂಡಿಸಲು ನಾಲ್ಕು ತೂತುಗಳಿವೆ: ಒಂದು ಕಡೆ 58, ಇನ್ನೊಂದು ಕಡೆ 49 ಮಿ.ಮೀ. ಅಂತರ. ತೂತು 2.7 ಮಿ.ಮೀ. ಅಷ್ಟೇ. 3 ಮಿ.ಮೀ. ಸ್ಕ್ರೂ ಹೋಗುವುದಿಲ್ಲ, ತೂತು ದೊಡ್ಡದು ಮಾಡಲೂಬಾರದು. 2.5 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ಸ್ಕ್ರೂ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕವು. ಪೈಗೂ ಹಲಗೆಗೂ ನಡುವೆ ಸಣ್ಣ ಪ್ಲಾಸ್ಟಿಕ್ ನಳಿಗೆ ಇಟ್ಟರೆ ಹಿಂದೆ ಗಾಳಿ ಆಡುತ್ತದೆ. ತಗಡು ಬಳಸಬೇಡಿ. ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ, ವೈಫೈಗೂ ಅಡ್ಡಿ. ವೈರಿನ ಕಡೆ ಕೆಳಮುಖ ಮಾಡಿದರೆ ಕಾರ್ಡ್ ಎಡಕ್ಕೆ ಬರುತ್ತದೆ. ಅಲ್ಲಿ ಪ್ಲೈವುಡ್ಡನ್ನು ಬೆರಳು ಹೋಗುವಷ್ಟು ಕತ್ತರಿಸಿದೆವು. ಇನ್ನೊಂದು ಕಾರ್ಡ್ ತುಂಬಿ ಅಕ್ಕನ ಕಪಾಟಿನಲ್ಲಿಟ್ಟೆವು.

ನಮ್ಮೂರುಗಳಿಗೆ ಬಂದ ಎಷ್ಟೋ ಯಂತ್ರ ಕೆಟ್ಟ ದಿನವೇ ಸತ್ತಂತೆ, ಯಾಕೆಂದರೆ ಬಿಚ್ಚುವವರು ಪೇಟೆಯಲ್ಲಿರುತ್ತಾರೆ. ನಿಮ್ಮೂರ ಶಾಲೆಗೋ ಪಂಚಾಯ್ತಿಗೋ ಯಾರಾದರೂ ಏನಾದರೂ ಕೂಡಿಸಲು ಬಂದರೆ ಅಕ್ಕನ ಪ್ರಶ್ನೆಯನ್ನೇ ಕೇಳಿ.

ಮಳೆಗಾಲದಲ್ಲಿ ಆ ಗೋಡೆ ತೇವ ಹಿಡಿಯಿತು. ಅಕ್ಕ ಹಲಗೆ ಎತ್ತಿ ಒಣಗಿದ ಕಡೆ ಇಟ್ಟು, ಕಾರ್ಡೂ ಬದಲಿಸಿ ಚಾಲೂ ಮಾಡಿದ್ದರು. ನಮಗೆ ಗೊತ್ತಾದದ್ದು ಹದಿನೈದು ದಿನ ಬಿಟ್ಟು, ಬೇರೆ ಕೆಲಸಕ್ಕೆ ಫೋನ್ ಮಾಡಿದಾಗ.