ಸೋನ್ಕಿಗೆ ಬಂದ ಮುಂಬೈ ಹೆಸರು

ಮಳೆಗಾಲ ಮುಗಿಯುತ್ತ ಬಂದಂತೆ, ಕಲ್ಯಾಣದಿಂದ ಮುರಬಾಡ್ ಮಾರ್ಗವಾಗಿ ಮಾಳಶೇಜ್ ಘಾಟಿಗೆ ಹೋಗುವ ದಾರಿಯಲ್ಲಿ ಬೆಟ್ಟಗಳು ಹಸಿರಿನಿಂದ ಹಳದಿಗೆ ತಿರುಗುತ್ತವೆ. ಠಾಣೆ, ಡೊಂಬಿವಲಿಗಳಿಂದ ರಜೆಗೆ ಬಂದ ಕನ್ನಡದವರು 'ಹಳದಿ ಹೂ' ಎಂದು ಸುಮ್ಮನಾಗುತ್ತಾರೆ. ಮರಾಠಿಯವರು ಅದನ್ನು ಸೋನ್ಕಿ ಎನ್ನುತ್ತಾರೆ. ಅವರ ಸೋನೆ ಎಂದರೆ ನಮ್ಮ ಚಿನ್ನ.

ಹೂಗುಚ್ಛಗಳಲ್ಲಿ ಗುಲಾಬಿಯ ನಡುವೆ ಸಿಕ್ಕಿಸುವ ಹಳದಿ ಕಡ್ಡಿಯೊಂದಿದೆ: ಅಮೆರಿಕದ ಮೂಲದ ಗೋಲ್ಡನ್‌ರಾಡ್. ಅದೂ ಸೋನ್ಕಿಯೂ ಸೇವಂತಿಗೆ, ಚೆಂಡುಹೂಗಳ ಕುಟುಂಬದವೇ. ಸಸ್ಯಶಾಸ್ತ್ರಜ್ಞರಿಗೆ ಬೆವರಿಳಿಸುವ ಕುಟುಂಬ ಇದು. ಒಂದು ಹೂವೆಂದು ಕಾಣುವುದು ನಿಜಕ್ಕೂ ಹತ್ತಾರು ಪುಟ್ಟ ಹೂಗಳ ಗೊಂಚಲು. ಅಂಚಿನವು ಎಸಳಿನಂತೆ, ನಡುವಿನವು ಕೊಳವೆಯಂತೆ. ಬೀಜಕ್ಕೆ ಬಿಳಿ ಕೂದಲಿನ ಜುಟ್ಟು. ಸೋನ್ಕಿಯ ಕುಲದ ಹೆಸರು ಸೆನೆಸಿಯೊ. ಲ್ಯಾಟಿನ್ನಿನ 'ಮುದುಕ' ಎಂಬ ಪದದಿಂದ ಬಂದದ್ದು.

ಈ ಭಾಗದ ಗಿಡಗಳನ್ನು ಮೊದಲು ಪಟ್ಟಿ ಮಾಡಿದವರಲ್ಲಿ ಜಾನ್ ಗ್ರಹಾಂ ಒಬ್ಬ. ಹೊಟ್ಟೆಪಾಡಿಗೆ ಅಂಚೆ ಇಲಾಖೆಯ ಅಧಿಕಾರಿ. ಮುಂಬೈ ಮತ್ತು ಸುತ್ತಲಿನ ಸಸ್ಯಗಳ ಪಟ್ಟಿ ಅಚ್ಚಿನಲ್ಲಿರುವಾಗಲೇ, 1839ರಲ್ಲಿ, ಖಂಡಾಲದಲ್ಲಿ ತೀರಿಕೊಂಡ. ಉಳಿದದ್ದನ್ನು ಗೆಳೆಯ ನಿಮ್ಮೊ ಪೂರೈಸಿದ. 1880ರ ದಶಕದ ಹೊತ್ತಿಗೆ ಜೋಸೆಫ್ ಹೂಕರ್ ಸೋನ್ಕಿಗೆ 'ಸೆನೆಸಿಯೊ ಗ್ರಹಾಮಿ' ಎಂದು ಹೆಸರಿಟ್ಟ.

ಆದರೆ ಅದೇ ಹೆಸರು ಬೇರೊಂದು ಗಿಡಕ್ಕೆ ಮೊದಲೇ ಸಂದಿತ್ತು. ಒಂದೇ ಹೆಸರು ಎರಡು ಗಿಡಕ್ಕೆ ಸಲ್ಲದು. ಮೊದಲು ಪಡೆದದ್ದಕ್ಕೇ ಅದು. 1970ರ ಸುಮಾರಿಗೆ ಎನ್.ಪಿ. ಬಾಲಕೃಷ್ಣನ್ ಅದನ್ನು ಗಮನಿಸಿ 'ಸೆನೆಸಿಯೊ ಬಾಂಬೆಯೆನ್ಸಿಸ್' ಎಂದು ಹೊಸ ಹೆಸರು ಕೊಟ್ಟರು. 1995ರಲ್ಲಿ ಬಾಂಬೆ ಮುಂಬೈ ಆಯಿತು. ಊರಿನ ಹೆಸರು ಬದಲಾಯಿತೆಂದು ಗಿಡದ್ದು ಬದಲಾಗುವುದಿಲ್ಲ. ಸೋನ್ಕಿ ಇಂದಿಗೂ ಬಾಂಬೆಯದೇ.

ಹೆಸರಿನ ಈ ಜಗಳ ಕೂದಲು ಸೀಳುವ ಕೆಲಸದಂತೆ ಕಾಣಬಹುದು. ಆದರೆ ನವಿ ಮುಂಬೈಯ ಪಾರಸಿಕ್ ಗುಡ್ಡದಂಥ ಕಡೆ ಕಲ್ಲುಗಣಿಗಳು ಬೆಟ್ಟವನ್ನೇ ಕರಗಿಸಿವೆ. ಅಲ್ಲಿ ಹೋದದ್ದೇನು ಎಂದು ಕೇಳಿದರೆ 'ಹುಲ್ಲು, ಕಳೆ' ಎಂಬ ಉತ್ತರ ಸಲೀಸು. ಗ್ರಹಾಂ ಗಿಡದ ಹೆಸರಿನ ಜೊತೆ ಅದು ಸಿಗುವ ಜಾಗವನ್ನೂ ಬರೆದಿಟ್ಟ. ಹಾಗೆ ಬರೆದಿಟ್ಟ ಗಿಡ ಮಾತ್ರ ಇಂದು ಅಲ್ಲಿ ಇಲ್ಲವೆಂದು ಖಚಿತವಾಗಿ ಹೇಳಲು ಬರುತ್ತದೆ. ಬರೀ 'ಹಳದಿ ಹೂ' ಆಗಿದ್ದದ್ದು ಹೋದರೆ, ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ.